ಬೆಳವಣಿಗೆಯ ಹಾರ್ಮೋನು: ಯಾರಿಗೆ, ಎಷ್ಟು ಸಾರಿ?

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ವಾಚನಾಲಯದ ಪ್ರಶ್ನೆಗಳ ಪೆಟ್ಟಿಗೆಯಲ್ಲಿ ಎರಡು ಚೀಟಿಗಳು ಬಂದಿದ್ದವು. ಎರಡರಲ್ಲೂ ಸಹಿ ಇಲ್ಲ. ಒಂದನ್ನು ಬರೆದವರು ತರುಣರಿರಬೇಕು. "ಮೈಕಟ್ಟಿಗಾಗಿ ಗ್ರೋಥ್ ಹಾರ್ಮೋನಿನ ಸೂಜಿಯನ್ನು ದಿನಾಲೂ ಚುಚ್ಚಿಕೊಳ್ಳಬೇಕೆ, ವಾರಕ್ಕೆ ಮೂರು ಸಾರಿ ಸಾಕೆ?" ಎಂದು ಕೇಳಿದ್ದಾರೆ. ಇನ್ನೊಂದು ಒಬ್ಬ ತಂದೆಯದು. "ಮಗಳಿಗೆ ಇದೇ ಔಷಧ ಬೇಕೆಂದು ಡಾಕ್ಟರು ಹೇಳಿದ್ದಾರೆ. ದಿನಾಲೂ ಕೊಡುವುದೊಂದು, ವಾರಕ್ಕೊಮ್ಮೆ ಕೊಡುವುದೊಂದು ಉಂಟಂತೆ. ಯಾವುದು ಮೇಲು?" ಎಂದು ಅದರಲ್ಲಿದೆ. ಔಷಧ ಒಂದೇ, ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ. ಆದರೆ ಕೇಳಿದವರು ಇಬ್ಬರು, ಅವರಿಗೆ ಹೇಳಬೇಕಾದ ಉತ್ತರಗಳೂ ಎರಡು. ಆ ಎರಡು ಉತ್ತರಗಳೇ ಇಂದಿನ ನನ್ನ ಭಾಷಣ.

ನಾನು ವೈದ್ಯನಲ್ಲ, ಔಷಧದ ಕಾರಖಾನೆಯೊಂದರಲ್ಲಿ ಕಾಗದಪತ್ರ ನೋಡುವ ಗುಮಾಸ್ತ. ಓದಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಚಿಕಿತ್ಸೆಯ ತೀರ್ಮಾನ ವೈದ್ಯರದು.

ಮಿದುಳಿನ ತಳದಲ್ಲಿ ಕಡಲೆಕಾಳಿನಷ್ಟು ದೊಡ್ಡದಾದ ಒಂದು ಗ್ರಂಥಿಯುಂಟು. ಪಿಟ್ಯುಟರಿ ಎಂದು ಅದರ ಹೆಸರು. ಅದು ಸುರಿಸುವ ಹಲವು ರಸಗಳಲ್ಲಿ ಬೆಳವಣಿಗೆಯ ಹಾರ್ಮೋನು ಒಂದು. ಅಮೈನೋ ಆಮ್ಲದ ೧೯೧ ಮಣಿಗಳನ್ನು ಪೋಣಿಸಿದ ಸರವೆಂದು ಅದನ್ನು ಎಣಿಸಿಕೊಳ್ಳಿ. ಈ ರಸ ರಕ್ತದಲ್ಲಿ ಸೇರಿ ಪಿತ್ತಜನಕಾಂಗವನ್ನು, ಎಂದರೆ ಲಿವರನ್ನು, ಮುಟ್ಟುತ್ತದೆ. ಅಲ್ಲಿ ಐ.ಜಿ.ಎಫ್.-೧ ಎಂಬ ಇನ್ನೊಂದು ಪದಾರ್ಥ ಹುಟ್ಟುತ್ತದೆ. ಮಕ್ಕಳ ಎಲುಬಿನ ತುದಿಯಲ್ಲಿರುವ ಮೆತ್ತನೆಯ ಪಟ್ಟಿ ಬೆಳೆಯುವುದು ಈ ಎರಡರ ಬಲದಿಂದ. ಹರೆಯ ಮುಗಿಯುವ ಹೊತ್ತಿಗೆ ಆ ಪಟ್ಟಿ ಗಟ್ಟಿಯಾಗಿ ಮುಚ್ಚಿಹೋಗುತ್ತದೆ. ಮುಚ್ಚಿದ ಮೇಲೆ ಎಷ್ಟು ಔಷಧ ಸುರಿದರೂ ಒಂದು ಅಂಗುಲ ಎತ್ತರ ಹೆಚ್ಚದು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈ ಗ್ರಂಥಿ ತನ್ನ ರಸವನ್ನು ನಲ್ಲಿ ಬಿಟ್ಟ ಹಾಗೆ ಸದಾ ಸುರಿಸುವುದಿಲ್ಲ. ನಮ್ಮೂರ ಕಡೆ ಪಾಳಿಯ ಮೇಲೆ ಕಾಲುವೆಗೆ ನೀರು ಬಿಡುವಂತೆ ಆಗಾಗ್ಗೆ ಬಿಟ್ಟು ಬಿಟ್ಟು ಸುರಿಸುತ್ತದೆ. ಎಲ್ಲಕ್ಕಿಂತ ದೊಡ್ಡ ಪಾಳಿ ರಾತ್ರಿ ನಿದ್ದೆ ಹತ್ತಿದ ಮೇಲೆ, ಮೊದಲ ಗಾಢನಿದ್ರೆಯ ಹೊತ್ತಿನಲ್ಲಿ. ೧೯೬೮ರಲ್ಲಿ ಅಮೇರಿಕದ ಸೇಂಟ್ ಲೂಯಿಯಲ್ಲಿ ತಕಹಾಶಿ ಮತ್ತು ಅವರ ಸಂಗಡಿಗರು ಇದನ್ನು ರಕ್ತ ಪರೀಕ್ಷೆಯಿಂದ ತೋರಿಸಿದರು. ಮಲಗುವುದನ್ನು ತಡಮಾಡಿದರೆ ಈ ಸ್ರಾವವೂ ತಡವಾಗುತ್ತದೆ ಎಂಬುದನ್ನೂ ಅವರು ಕಂಡರು. ಬೆವರು ಬರುವಂತೆ ದುಡಿದರೆ, ವ್ಯಾಯಾಮ ಮಾಡಿದರೆ, ಉಪವಾಸವಿದ್ದರೆ ಅದು ಏರುತ್ತದೆ. ಸಕ್ಕರೆ ತಿಂದೊಡನೆ ಇಳಿಯುತ್ತದೆ. ಆರೋಗ್ಯವಂತನಿಗೆ ದೇಹವೇ ಕಟ್ಟಿಕೊಟ್ಟ ಕ್ರಮ ಇದು. ಪಾಂಡೇಸರದ ಮಗ್ಗಗಳಲ್ಲಿ, ವಟವಾ–ಓಢವದ ಕಾರಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ಸೋದರರು ಹಗಲು ನಿದ್ದೆಯನ್ನು ಗೌರವದಿಂದ ನೋಡಬೇಕಾದ್ದು ಏಕೆಂದು ಇದರಿಂದ ತಿಳಿಯುತ್ತದೆ. ಒಂದು ಕೋಣೆಯಲ್ಲಿ ಎಂಟು ಜನ ಇರುವಲ್ಲಿ, ಪಾಳಿ ಮಾಡಿ ಬಂದವನು ಮಲಗಿದ್ದಾಗ ಉಳಿದವರು ಮೊಬೈಲಿನ ದನಿ ತಗ್ಗಿಸಿದರೆ ಅದೂ ಒಂದು ದೊಡ್ಡ ಉಪಕಾರ.

ಇನ್ನು ಔಷಧದ ಚರಿತ್ರೆಗೆ ಬರೋಣ. ಎಷ್ಟು ಸಾರಿ ಎಂಬ ಪ್ರಶ್ನೆಯ ಬೇರು ಅಲ್ಲಿದೆ. ಮನುಷ್ಯನ ಪಿಟ್ಯುಟರಿಯಿಂದ ತೆಗೆದ ಹಾರ್ಮೋನಿನಿಂದ ಒಬ್ಬ ಕುಳ್ಳ ಹುಡುಗ ಬೆಳೆದನೆಂದು ಅಮೇರಿಕದ ಮಾರಿಸ್ ರೇಬನ್ ೧೯೫೮ರಲ್ಲಿ ಪ್ರಕಟಿಸಿದರು. ಹಸುವಿನದು, ಹಂದಿಯದು ಮನುಷ್ಯನಿಗೆ ನಾಟುವುದಿಲ್ಲ. ಆದ್ದರಿಂದ ಶವಗಳ ಮಿದುಳಿನಿಂದ ಗ್ರಂಥಿಯನ್ನು ಸಂಗ್ರಹಿಸಬೇಕಾಗಿತ್ತು. ಔಷಧ ಅತ್ಯಂತ ವಿರಳ. ಹೀಗಾಗಿ ಮಕ್ಕಳಿಗೆ ವಾರಕ್ಕೆ ಎರಡು ಮೂರು ಸಾರಿ, ಸ್ನಾಯುವಿಗೆ ಚುಚ್ಚಿ ಕೊಡುವ ಪದ್ಧತಿ ಬೆಳೆಯಿತು. "ವಾರಕ್ಕೆ ಮೂರು" ಎಂಬ ಲೆಕ್ಕದ ಹಿಂದೆ ಇದ್ದದ್ದು ಹೆಚ್ಚಾಗಿ ಔಷಧದ ಅಭಾವ ಮತ್ತು ಅನುಕೂಲ, ದೇಹದ ನಿಯಮವಲ್ಲ. ಇಂದಿಗೂ ಜಿಮ್ಮುಗಳಲ್ಲಿ ಅದನ್ನು ಮಂತ್ರದಂತೆ ಹೇಳುವವರಿಗೆ ಈ ಹಿನ್ನೆಲೆ ತಿಳಿದಿರಲಾರದು.

ಆ ಔಷಧದ ಕಥೆ ದುಃಖದಲ್ಲಿ ಮುಗಿಯಿತು. ಹಾಗೆ ಚಿಕಿತ್ಸೆ ಪಡೆದಿದ್ದ ಕೆಲವರು ವರ್ಷಗಳಾದ ಮೇಲೆ ಕ್ರಾಯಿಟ್ಸ್‌ಫೆಲ್ಟ್–ಯಾಕೋಬ್ ಎಂಬ, ಮಿದುಳನ್ನೇ ತಿನ್ನುವ, ಮದ್ದಿಲ್ಲದ ರೋಗದಿಂದ ತೀರಿಕೊಂಡರು. ಶವದ ಗ್ರಂಥಿಯೊಡನೆ ರೋಗವೂ ಬಂದಿತ್ತು. ಫ್ರಾನ್ಸ್ ದೇಶವೊಂದರಲ್ಲೇ ಹೀಗೆ ಸತ್ತವರು ನೂರಕ್ಕೂ ಹೆಚ್ಚು. ೧೯೮೫ರಲ್ಲಿ ಅಮೇರಿಕ ಆ ಔಷಧವನ್ನು ನಿಲ್ಲಿಸಿತು. ಅದೇ ವರ್ಷ, ಸೂಕ್ಷ್ಮಜೀವಿಗಳಿಗೆ ಮನುಷ್ಯನ ಜೀನನ್ನು ಸೇರಿಸಿ ತಯಾರಿಸಿದ ಹಾರ್ಮೋನಿಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಇಂದು ದೊರೆಯುವುದೆಲ್ಲ ಈ ಜಾತಿಯದು. ಅದರಲ್ಲಿ ಶವದ ಸಂಪರ್ಕವಿಲ್ಲ.

ಔಷಧ ಸಮೃದ್ಧವಾಗಿ ಸಿಕ್ಕಿದ ಮೇಲೆ ವೈದ್ಯರು ಹಳೆಯ ಲೆಕ್ಕವನ್ನು ಪರೀಕ್ಷೆಗೆ ಹಚ್ಚಿದರು. ವಾರದ ಒಟ್ಟು ಪ್ರಮಾಣವನ್ನು ಹೆಚ್ಚಿಸಲಿಲ್ಲ. ಅದನ್ನೇ ಮೂರು ಪಾಲು ಮಾಡುವ ಬದಲು ಆರು ಏಳು ಪಾಲು ಮಾಡಿ ದಿನವೂ ಕೊಟ್ಟರು. ಮಕ್ಕಳು ಹೆಚ್ಚು ಬೆಳೆದರು. ಕಾರಣ ಊಹಿಸಬಹುದು. ಚರ್ಮದಡಿ ಚುಚ್ಚಿದ ಈ ಔಷಧ ಒಂದು ದಿನದೊಳಗೆ ಮೈಯಿಂದ ಹೋಗಿಬಿಡುತ್ತದೆ. ಮೂರು ದಿನದ ಊಟವನ್ನು ಒಂದೇ ಹೊತ್ತಿಗೆ ಬಡಿಸಿದರೆ ಹಸಿವು ಹೇಗೆ ಒಪ್ಪೀತು? ರಾತ್ರಿ ಮಲಗುವ ಮುಂಚೆ ಕೊಡುವ ರೂಢಿಯೂ ದೇಹದ ಸ್ವಂತ ಪಾಳಿಯನ್ನು ನೋಡಿ ಬಂದದ್ದು. ಅರ್ಜೆಂಟೀನದ ರೊಸಾರಿಯೊ ಎಂಬ ಊರಿನಲ್ಲಿ ಲಯೊನೆಲ್ ಮೆಸ್ಸಿ ಎಂಬ ಹುಡುಗ ರಾತ್ರಿ ರಾತ್ರಿ ತನ್ನ ತೊಡೆಗೆ ತಾನೇ ಸೂಜಿ ಚುಚ್ಚಿಕೊಳ್ಳುತ್ತಿದ್ದುದು ಹೀಗೆಯೇ. ಅವನಲ್ಲಿ ಹಾರ್ಮೋನಿನ ಕೊರತೆ ಇತ್ತು. ಔಷಧ ಆ ಕೊರತೆಯನ್ನು ತುಂಬಿತು, ಅಷ್ಟೆ. ಕಾಲ್ಚೆಂಡಿನ ಆಟ ಸೂಜಿಯಿಂದ ಬಂದದ್ದಲ್ಲ.

ಆದರೆ ದಿನಕ್ಕೊಂದು ಸೂಜಿ ಎಂದರೆ ವರ್ಷಕ್ಕೆ ೩೬೫. ಐದಾರು ವರ್ಷ ಇದನ್ನು ತಪ್ಪದೆ ನಡೆಸುವುದು ಯಾವ ತಾಯಿಗೂ ಸುಲಭವಲ್ಲ. ಮಗು ಅಳುತ್ತದೆ; ಜ್ವರ ಬರುತ್ತದೆ; ಊರಿನ ಜಾತ್ರೆ, ನೆಂಟರ ಮದುವೆ ಬರುತ್ತದೆ. ತಪ್ಪಿದ ಸೂಜಿಗಳು ಹೆಚ್ಚಿದಷ್ಟೂ ಬೆಳವಣಿಗೆ ಕುಂದುತ್ತದೆ. ಆದ್ದರಿಂದ ನಿಧಾನವಾಗಿ ಕರಗಿ ವಾರವಿಡೀ ಕೆಲಸ ಮಾಡುವ ರೂಪಗಳನ್ನು ಹುಡುಕಿದರು. ಅಮೇರಿಕದಲ್ಲಿ ಮಕ್ಕಳಿಗಾಗಿ ಲೊನಾಪೆಗ್‌ಸೊಮಾಟ್ರೋಪಿನ್ ೨೦೨೧ರಲ್ಲಿ, ಸೋಮಪಾಸಿಟಾನ್ ಮತ್ತು ಸೊಮಾಟ್ರೋಗಾನ್ ೨೦೨೩ರಲ್ಲಿ ಒಪ್ಪಿಗೆ ಪಡೆದವು. ಮೊದಲನೆಯದನ್ನು ೧೬೧ ಮಕ್ಕಳಲ್ಲಿ ಪರೀಕ್ಷಿಸಿದಾಗ ವಾರದ ಸೂಜಿಯವರು ವರ್ಷಕ್ಕೆ ೧೧.೨ ಸೆಂಟಿಮೀಟರ್, ದಿನದ ಸೂಜಿಯವರು ೧೦.೩ ಸೆಂಟಿಮೀಟರ್ ಬೆಳೆದರು. ಸೊಮಾಟ್ರೋಗಾನನ್ನು ೨೨೪ ಮಕ್ಕಳಲ್ಲಿ ನೋಡಿದಾಗ ವಾರದ್ದು ೧೦.೧, ದಿನದ್ದು ೯.೮. ಎಂದರೆ ಒಂದು ವರ್ಷದ ಲೆಕ್ಕದಲ್ಲಿ ವಾರದ ಸೂಜಿ ದಿನದ ಸೂಜಿಗೆ ಕಡಿಮೆಯಾಗಲಿಲ್ಲ. ಆದರೆ ದಿನದ ಸೂಜಿಗೆ ಹಲವು ದಶಕಗಳ ಅನುಭವವಿದೆ; ವಾರದ್ದಕ್ಕೆ ಇನ್ನೂ ಅಷ್ಟಿಲ್ಲ.

ಚೀಟಿ ಬರೆದ ತಂದೆಯವರೆ, ನಿಮಗೆ ನನ್ನ ಉತ್ತರ ಇದು. ದಿನದ್ದೋ ವಾರದ್ದೋ ಎಂಬುದಕ್ಕಿಂತ, ಯಾವುದನ್ನು ನೀವು ತಪ್ಪದೆ ನಡೆಸಬಲ್ಲಿರಿ ಎಂಬುದು ದೊಡ್ಡದು. ಕೈಗೆಟುಕುವ ದಿನದ ಸೂಜಿ ನಾಲ್ಕು ವರ್ಷ ನಡೆದರೆ, ಸಾಲ ಮಾಡಿ ಆರು ತಿಂಗಳಿಗೆ ನಿಲ್ಲಿಸುವ ವಾರದ ಸೂಜಿಗಿಂತ ಅದು ಮೇಲು. ಈಗಾಗಲೇ ದಿನದ ಸೂಜಿ ಚೆನ್ನಾಗಿ ನಡೆಯುತ್ತಿದ್ದರೆ, ಹೊಸದು ಬಂತೆಂದು ಕೊರಗಬೇಕಾಗಿಲ್ಲ. ತಪ್ಪಿಹೋದ ಸೂಜಿಗೆ ಬದಲಾಗಿ ಮಾರನೆಯ ದಿನ ಎರಡು ಕೊಡಕೂಡದು, ಡಾಕ್ಟರನ್ನು ಕೇಳಿ. ವಾರದ ಸೂಜಿಯಾದರೆ ರಕ್ತ ಪರೀಕ್ಷೆಯನ್ನು ವಾರದ ಯಾವ ದಿನ ಮಾಡಿಸಬೇಕೆಂದು ಮೊದಲೇ ತಿಳಿದುಕೊಳ್ಳಿ. ದಿನ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಈಗ ತರುಣ ಮಿತ್ರರ ಚೀಟಿ. ಕೊರತೆಯೇ ಇಲ್ಲದ ದೇಹಕ್ಕೆ ಈ ಔಷಧ ಶಕ್ತಿ ಕೊಡುತ್ತದೆಯೆ? ಇದನ್ನು ವಿಜ್ಞಾನಿಗಳು ಕೇಳಿ ನೋಡಿದ್ದಾರೆ. ಆಸ್ಟ್ರೇಲಿಯದಲ್ಲಿ ೧೮ರಿಂದ ೪೦ ವಯಸ್ಸಿನ ೧೦೩ ಮಂದಿ ಹವ್ಯಾಸಿ ಆಟಗಾರರ ಮೇಲೆ ನಡೆದ ಪರೀಕ್ಷೆ ೨೦೧೦ರಲ್ಲಿ ಪ್ರಕಟವಾಯಿತು. ಎಂಟು ವಾರ, ದಿನವೂ ೨ ಮಿಲಿಗ್ರಾಂ. ಕೊರತೆಯುಳ್ಳ ನಡುವಯಸ್ಸಿನವರಿಗೆ ವೈದ್ಯರು ಆರಂಭದಲ್ಲಿ ಕೊಡುವುದು ದಿನಕ್ಕೆ ೦.೨ರಿಂದ ೦.೩ ಮಿಲಿಗ್ರಾಂ ಮಾತ್ರ ಎಂಬುದನ್ನು ನೆನಸಿದರೆ ಇದು ಬಲು ದೊಡ್ಡ ಪ್ರಮಾಣ. ಫಲವೇನು? ಮೈಯ ಕೊಬ್ಬು ಕಡಿಮೆಯಾಯಿತು. ಕೊಬ್ಬಿಲ್ಲದ ತೂಕ ಹೆಚ್ಚಿತು. ಆದರೆ ಅದರಲ್ಲಿ ಬಹುಪಾಲು ಮೈಯಲ್ಲಿ ನಿಂತ ನೀರು. ಭಾರ ಎತ್ತುವ ಬಲ ಹೆಚ್ಚಲಿಲ್ಲ, ನೆಗೆತ ಹೆಚ್ಚಲಿಲ್ಲ, ದಮ್ಮು ಹೆಚ್ಚಲಿಲ್ಲ. ಸೈಕಲ್ಲಿನ ಮೇಲೆ ಒಂದು ಗಳಿಗೆಯ ಬಿರುಸು ಮಾತ್ರ ನೂರಕ್ಕೆ ನಾಲ್ಕರಷ್ಟು ಏರಿತು. ಔಷಧ ನಿಲ್ಲಿಸಿದ ಆರು ವಾರಕ್ಕೆ ಅದೂ ಉಳಿಯಲಿಲ್ಲ. ಕೈಕಾಲು ಊದುವುದು, ಕೀಲುನೋವು ಇವು ಜೊತೆಗೆ ಬಂದ ಉಡುಗೊರೆ.

ಹಾಗಾದರೆ ಕನ್ನಡಿಯ ಮುಂದೆ ನಿಂತಾಗ ಮೈ ತುಂಬಿದಂತೆ ಕಾಣುವುದೇಕೆ? ನೀರಿನಿಂದ. ತುಂಬಿದ ಕೊಡ ಕಂಡು ಬಾವಿ ಉಕ್ಕಿತೆಂದು ತಿಳಿಯಬಾರದು. ದಿನಾಲೂ ತೆಗೆದುಕೊಂಡರೆ, ಎರಡು ದಿನಕ್ಕೊಮ್ಮೆ ತೆಗೆದುಕೊಂಡರೆ, ಐದು ದಿನ ತೆಗೆದುಕೊಂಡು ಎರಡು ದಿನ ಬಿಟ್ಟರೆ ಎಂದು ಜಿಮ್ಮುಗಳಲ್ಲಿ ನಡೆಯುವ ಚರ್ಚೆಗೆ ನನ್ನ ಉತ್ತರ ಒಂದೇ. ಕೊರತೆ ಇದ್ದವನಿಗೆ ಎಷ್ಟು ಸಾರಿ ಎಂಬ ಪ್ರಶ್ನೆಗೆ ಅರ್ಥವಿದೆ. ಇಲ್ಲದವನಿಗೆ ಸರಿಯಾದ ಲೆಕ್ಕ ಸೊನ್ನೆ.

ಕೊಬ್ಬು ಕರಗುತ್ತದಲ್ಲ, ಹೊಟ್ಟೆ ಬಂದ ಗುಮಾಸ್ತರಿಗೆ ಒಳ್ಳೆಯದಲ್ಲವೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದೀರಿ. ಪ್ರಶ್ನೆ ನ್ಯಾಯವಾದದ್ದೇ. ೧೯೯೦ರಲ್ಲಿ ಅಮೇರಿಕದ ರಡ್‌ಮನ್ ಎಂಬ ವೈದ್ಯರು ೬೧ರಿಂದ ೮೧ ವಯಸ್ಸಿನ ೧೨ ಮಂದಿಗೆ ವಾರಕ್ಕೆ ಮೂರು ಸಾರಿಯಂತೆ ಆರು ತಿಂಗಳು ಈ ಔಷಧ ಕೊಟ್ಟರು. ಕೊಬ್ಬು ನೂರಕ್ಕೆ ೧೪.೪ ಇಳಿಯಿತು, ಕೊಬ್ಬಿಲ್ಲದ ತೂಕ ೮.೮ ಏರಿತು. ಮುಪ್ಪಿಗೆ ಮದ್ದು ಸಿಕ್ಕಿತೆಂದು ವ್ಯಾಪಾರಿಗಳು ಡಂಗುರ ಸಾರಿದರು. ಆ ಲೇಖನವನ್ನು ಅಚ್ಚು ಹಾಕಿದ ವೈದ್ಯಪತ್ರಿಕೆಯೇ ೨೦೦೩ರಲ್ಲಿ ಅದನ್ನು ಹೀಗೆ ಬಳಸುವುದು ತಪ್ಪೆಂದು ಬರೆಯಬೇಕಾಯಿತು. ಅನಂತರದ ಪರೀಕ್ಷೆಗಳನ್ನೆಲ್ಲ ಕೂಡಿಸಿ ನೋಡಿದಾಗ ಆರೋಗ್ಯವಂತ ಮುದುಕರಲ್ಲಿ ಕೊಬ್ಬು ಸುಮಾರು ಎರಡು ಕಿಲೋ ಇಳಿದದ್ದು ನಿಜ. ಬಾವು, ಕೀಲುನೋವು, ಮಣಿಕಟ್ಟಿನ ನರ ಒತ್ತಿ ಕೈ ಜುಮುಗುಟ್ಟುವುದು ಹೆಚ್ಚಿದ್ದೂ ನಿಜ.

ಇದಕ್ಕಿಂತ ದೊಡ್ಡದು ಸಕ್ಕರೆಯ ವಿಷಯ. ಅರ್ಜೆಂಟೀನದ ಬೆರ್ನಾರ್ಡೊ ಹೌಸೇ ಎಂಬ ವಿಜ್ಞಾನಿ, ಸಕ್ಕರೆ ರೋಗದ ನಾಯಿಯ ಪಿಟ್ಯುಟರಿಯನ್ನು ತೆಗೆದರೆ ರೋಗ ಇಳಿಯುತ್ತದೆಂದು ತೋರಿಸಿದರು. ಪಿಟ್ಯುಟರಿಯ ಈ ಕೆಲಸವನ್ನು ಬಿಡಿಸಿಟ್ಟದ್ದಕ್ಕಾಗಿ ಅವರಿಗೆ ೧೯೪೭ರ ನೊಬೆಲ್ ಬಹುಮಾನದಲ್ಲಿ ಪಾಲು ಬಂದಿತು. ಬೆಳವಣಿಗೆಯ ಹಾರ್ಮೋನು ಇನ್ಸುಲಿನ್ನಿನ ಎದುರಾಳಿ. ಅದು ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಮನೆತನದಲ್ಲೇ ಸಕ್ಕರೆ ರೋಗವಿರುವ ನಮ್ಮಂಥವರು, ದಿನವಿಡೀ ಕುರ್ಚಿಯಲ್ಲಿ ಕುಳಿತು ಸಿಹಿ ಚಹಾ ಕುಡಿಯುವವರು, ಹೊಟ್ಟೆ ಕರಗಿಸಲು ಇದನ್ನು ಚುಚ್ಚಿಕೊಳ್ಳುವುದೆಂದರೆ ಇಲಿ ಹೋಗಲೆಂದು ಮನೆಗೆ ಬೆಂಕಿ ಇಟ್ಟಂತೆ. ಏರಿದ ಸಕ್ಕರೆಯನ್ನು ಇಳಿಸಲು ತಾವೇ ಇನ್ಸುಲಿನ್ ಚುಚ್ಚಿಕೊಳ್ಳುವ ದೇಹದಾರ್ಢ್ಯ ಪಟುಗಳೂ ಇದ್ದಾರೆ. ಸಕ್ಕರೆ ತಟ್ಟನೆ ಕುಸಿದರೆ ಪ್ರಾಣಕ್ಕೇ ಅಪಾಯ. ಹೌದು, ಪಿಟ್ಯುಟರಿ ಕೆಟ್ಟು ನಿಜವಾದ ಕೊರತೆ ಬಂದ ವಯಸ್ಕರಿಗೆ ಈ ಔಷಧದಿಂದ ಉಪಯೋಗವುಂಟು. ಅಂಥ ೩೦೦ ಮಂದಿಯಲ್ಲಿ ೩೪ ವಾರ ನಡೆದ ಪರೀಕ್ಷೆಯಲ್ಲಿ ನಡುಮೈಯ ಕೊಬ್ಬಿನ ಪಾಲು ದಿನದ ಸೂಜಿಯಿಂದ ೨.೨೩ ಅಂಶ, ವಾರದ ಸೂಜಿಯಿಂದ ೧.೦೬ ಅಂಶ ಇಳಿಯಿತು. ಬರಿಯ ಹುಸಿಮದ್ದು ಪಡೆದವರಲ್ಲಿ ೦.೪೭ ಏರಿತು. ಅದು ರೋಗಿಯ ಮಾತು. ಹೊಟ್ಟೆ ಬಂದವನ ಮಾತಲ್ಲ.

ಹಾರ್ಮೋನು ಅತಿಯಾದರೆ ಏನಾಗುತ್ತದೆಂದು ಪ್ರಕೃತಿಯೇ ತೋರಿಸಿದೆ. ಪಿಟ್ಯುಟರಿಯ ಮೇಲೆ ಗಡ್ಡೆ ಎದ್ದು ರಸ ಉಕ್ಕಿದರೆ ದವಡೆ, ಕೈ, ಪಾದ ದಪ್ಪವಾಗುತ್ತವೆ. ಸಕ್ಕರೆ ರೋಗ, ರಕ್ತದೊತ್ತಡ, ಹೃದಯದ ಊತ ಬರುತ್ತವೆ. ಖಲಿ ಎಂದು ನಿಮಗೆಲ್ಲ ಗೊತ್ತಿರುವ ಕುಸ್ತಿಪಟು ದಲೀಪ್ ಸಿಂಗ್ ರಾಣಾ ಅವರಿಗೆ ಇಂಥ ಗಡ್ಡೆಯನ್ನು ೨೦೧೨ರಲ್ಲಿ ಅಮೇರಿಕದಲ್ಲಿ ಶಸ್ತ್ರಚಿಕಿತ್ಸೆ ಮಾಡಿ ತೆಗೆದರು.

ಕಾನೂನಿನ ಮಾತು ಎರಡೇ ವಾಕ್ಯ. ಒಲಿಂಪಿಕ್ ಸಮಿತಿ ೧೯೮೯ರಲ್ಲೇ ಈ ಹಾರ್ಮೋನನ್ನು ನಿಷೇಧಿಸಿತು. ೨೦೦೪ರ ಅಥೆನ್ಸ್ ಕ್ರೀಡಾಕೂಟದಿಂದ ಅದಕ್ಕೆ ರಕ್ತ ಪರೀಕ್ಷೆಯೂ ಬಂದಿದೆ. ಸಿಕ್ಕಿಬಿದ್ದರೆ ನಾಲ್ಕು ವರ್ಷದವರೆಗೆ ಆಟದಿಂದ ಹೊರಗೆ. ನಮ್ಮ ದೇಶದಲ್ಲಿ ೨೦೨೨ರಲ್ಲಿ ಇದಕ್ಕೆಂದೇ ಕಾಯಿದೆಯಾಗಿದೆ. ಆದರೆ ನಮ್ಮ ಮನೆಯದೇ ಒಂದು ಉದಾಹರಣೆ ಹೇಳಬೇಕು. ಕುಂದಾಪುರದ ಸೀಮೆಯ ಅಶ್ವಿನಿ ಅಕ್ಕುಂಜಿ ೨೦೧೦ರಲ್ಲಿ ದಿಲ್ಲಿಯ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿ ಚಿನ್ನ, ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ ಎರಡು ಚಿನ್ನ ಗೆದ್ದು ಕನ್ನಡಿಗರೆಲ್ಲರ ತಲೆ ಎತ್ತಿಸಿದರು. ೨೦೧೧ರಲ್ಲಿ ಅವರ ಮತ್ತು ಸಂಗಡಿಗರ ಪರೀಕ್ಷೆಯಲ್ಲಿ ಸ್ಟೀರಾಯ್ಡ್ ಕಂಡಿತು. ಹಾರ್ಮೋನಲ್ಲ, ಬೇರೆ ಪದಾರ್ಥ. ತರಬೇತುದಾರರು ಕೊಟ್ಟ ಜಿನ್ಸೆಂಗ್ ಎಂಬ ಬೇರಿನ ಪುಷ್ಟಿಮದ್ದಿನಿಂದ ಬಂತೆಂದು ಅವರು ಹೇಳಿಕೊಂಡರು. ಮೊದಲು ಒಂದು ವರ್ಷದ ನಿಷೇಧ. ೨೦೧೨ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು. ಆ ವರ್ಷದ ಲಂಡನ್ ಒಲಿಂಪಿಕ್ ಕೈತಪ್ಪಿತು. ಸರಕಾರದ ಶಿಬಿರದಲ್ಲಿದ್ದವರಿಗೇ ಈ ಗತಿಯಾದರೆ, ಚೀಟಿಯಿಲ್ಲದ ಡಬ್ಬಿಯನ್ನು ಜಿಮ್ಮಿನ ಮೂಲೆಯಲ್ಲಿ ಕೊಳ್ಳುವ ನಮ್ಮ ಹುಡುಗರ ಗತಿಯೇನು?

ಅಹಮದಾಬಾದಿಗೆ ೨೦೩೦ರ ಕಾಮನ್‌ವೆಲ್ತ್ ಕ್ರೀಡಾಕೂಟ ಬರಲಿದೆ. ೨೦೨೫ರ ನವೆಂಬರಿನಲ್ಲಿ ಗ್ಲಾಸ್ಗೋದಲ್ಲಿ ಅದು ತೀರ್ಮಾನವಾಯಿತು. ಊರಿನಲ್ಲಿ ಆಟದ ಹುರುಪು ಏರುತ್ತದೆ. ಅದರೊಡನೆ ಸೂಜಿ ಮಾರುವವರೂ ಏಳುತ್ತಾರೆ. ಇದು ವೈದ್ಯರ ಚೀಟಿಯ ಮೇಲೆ ಮಾತ್ರ ಕೊಡತಕ್ಕ ಔಷಧ. ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿ ಇಡಬೇಕಾದ್ದು. ಮೇ ತಿಂಗಳ ಅಹಮದಾಬಾದಿನಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಬಂದ ಸೀಸೆಯಲ್ಲಿ ಏನು ಉಳಿದಿರುತ್ತದೆಂದು ನೀವೇ ಯೋಚಿಸಿ. ಒಂದೇ ಸೂಜಿಯನ್ನು ಇಬ್ಬರು ಬಳಸಿದರೆ ಕಾಮಾಲೆಯ ವೈರಸ್ಸು, ಎಚ್.ಐ.ವಿ. ಬರಬಹುದು. ವಡೋದರೆಯ ಸಯಾಜಿಬಾಗಿನ ಮ್ಯೂಸಿಯಮ್ಮಿನಲ್ಲಿ, ೧೯೦೨ರಲ್ಲಿ ಗಾಮಾ ಪೈಲವಾನ ಎತ್ತಿದನೆನ್ನುವ ಕಲ್ಲನ್ನು ಇಟ್ಟಿದ್ದಾರೆ. ಬಿಡುವಿನ ದಿನ ಹೋಗಿ ನೋಡಿ. ಈ ಔಷಧವನ್ನು ಕಂಡುಹಿಡಿಯುವುದಕ್ಕೆ ಅರ್ಧ ಶತಮಾನ ಮೊದಲಿನ ಕಲ್ಲು ಅದು. ನಮ್ಮ ಗರಡಿಗಳಲ್ಲಿ ಆಗ ಇದ್ದದ್ದು ಸಾಮು, ಊಟ, ನಿದ್ದೆ. ಬಲದ ಲೆಕ್ಕ ಇಂದಿಗೂ ಅದೇ.

ಕಡೆಯದಾಗಿ ಮಕ್ಕಳ ಮಾತು. ನನ್ನ ಮಟ್ಟಿಗೆ ಇದೇ ಮುಖ್ಯ. ಕುಳ್ಳಗಿರುವ ಮಕ್ಕಳೆಲ್ಲರಿಗೂ ಹಾರ್ಮೋನಿನ ಕೊರತೆ ಇರುವುದಿಲ್ಲ. ತಂದೆತಾಯಿ ಗಿಡ್ಡವಿದ್ದರೆ ಮಗುವೂ ಗಿಡ್ಡ. ಊಟ ಸಾಲದಿದ್ದರೆ, ಥೈರಾಯ್ಡ್ ಕೆಟ್ಟಿದ್ದರೆ, ಗೋದಿ ಒಗ್ಗದ ಕರುಳಿನ ರೋಗವಿದ್ದರೆ ಬೆಳವಣಿಗೆ ನಿಲ್ಲಬಹುದು; ಅವಕ್ಕೆ ಚಿಕಿತ್ಸೆ ಬೇರೆ. ಆದರೆ ನಾಲ್ಕು ವರ್ಷ ದಾಟಿದ, ಇನ್ನೂ ಹರೆಯಕ್ಕೆ ಬಾರದ ಮಗು ವರ್ಷಕ್ಕೆ ನಾಲ್ಕೈದು ಸೆಂಟಿಮೀಟರ್ ಕೂಡ ಬೆಳೆಯದಿದ್ದರೆ ತಡಮಾಡಕೂಡದು. ಎಲುಬಿನ ತುದಿಯ ಪಟ್ಟಿ ನಮಗಾಗಿ ಕಾಯುವುದಿಲ್ಲವೆಂದು ಆಗಲೇ ಹೇಳಿದೆ. ಅಹಮದಾಬಾದಿನಲ್ಲಿ ಅಸಾರವಾದ ಸಿವಿಲ್ ಆಸ್ಪತ್ರೆ, ವಡೋದರೆಯಲ್ಲಿ ಸಯಾಜಿ ಆಸ್ಪತ್ರೆ, ಸೂರತ್ತಿನಲ್ಲಿ ಹೊಸ ಸಿವಿಲ್ ಆಸ್ಪತ್ರೆ ಇವೆ. ಇ.ಎಸ್.ಐ. ಕಾರ್ಡುಳ್ಳ ಕೆಲಸಗಾರರು ತಮ್ಮ ಡಿಸ್ಪೆನ್ಸರಿಯಲ್ಲಿ ಮೊದಲು ವಿಚಾರಿಸಲಿ. ಸಾಬೀತಾದ ಕೊರತೆಗೆ ಈ ಹಾರ್ಮೋನಿನ ಚಿಕಿತ್ಸೆಯನ್ನು ಕೇಂದ್ರ ಸರಕಾರದ ೨೦೨೧ರ ವಿರಳ ರೋಗಗಳ ನೀತಿಯಲ್ಲಿ ಹೆಸರಿಸಲಾಗಿದೆ. ನೆರವು ದೊರೆಯುವುದೆ ಎಂದು ಆಸ್ಪತ್ರೆಯಲ್ಲಿ ಕೇಳುವುದಕ್ಕೆ ಸಂಕೋಚ ಬೇಡ. ಔಷಧ ಹಿಡಿದು ಊರಿಗೆ ಹೋಗುವಾಗ, ಅಜ್ಮೇರ್–ಮೈಸೂರು ಎಕ್ಸ್‌ಪ್ರೆಸ್ಸಿನ ಪ್ರಯಾಣ ಒಂದು ದಿನಕ್ಕೂ ಮೀರಿದ್ದು. ತಂಪುಚೀಲದಲ್ಲಿಡಿ, ಆದರೆ ಮಂಜುಗಡ್ಡೆಗೆ ನೇರ ತಾಗಿಸಬೇಡಿ. ಹೆಪ್ಪುಗಟ್ಟಿದರೂ ಈ ಔಷಧ ಕೆಡುತ್ತದೆ.

ಸ್ವಂತ ಮನೆಯಲ್ಲಿ ಇರುವವರು ಮಗುವಿನ ಎತ್ತರವನ್ನು ಬಾಗಿಲ ಚೌಕಟ್ಟಿನ ಮೇಲೆ ಗೀಚಿಡುತ್ತಾರೆ. ನಮ್ಮದು ಬಾಡಿಗೆಯ ಚಾಲಿ. ಹನ್ನೊಂದು ತಿಂಗಳಿಗೊಂದು ಮನೆ. ಗೀಚಿದ ಗುರುತು ಹಿಂದಿನ ಮನೆಯಲ್ಲೇ ಉಳಿದುಬಿಡುತ್ತದೆ. ಮಕ್ಕಳನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದವರಂತೂ ಅವರನ್ನು ನೋಡುವುದೇ ವರ್ಷಕ್ಕೊಮ್ಮೆ. ಆದ್ದರಿಂದ ಒಂದು ಪುಸ್ತಕವಿಟ್ಟುಕೊಳ್ಳಿ. ಯುಗಾದಿಗೊಮ್ಮೆ, ದಸರೆಗೊಮ್ಮೆ ಮಗುವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಅಳೆದು, ತಾರೀಕು ಸಹಿತ ಬರೆದಿಡಿ. ಊರಲ್ಲಿದ್ದರೆ ಬರೆಸಿ ತರಿಸಿಕೊಳ್ಳಿ. ಅಳತೆಯ ಟೇಪು ಇಲ್ಲದವರಿಗಾಗಿ ವಾಚನಾಲಯದ ಗೋಡೆಯ ಮೇಲೆ, ದಿನಪತ್ರಿಕೆಗಳ ಮೇಜಿನ ಪಕ್ಕದಲ್ಲಿ, ಸೆಂಟಿಮೀಟರಿನ ಪಟ್ಟಿಯನ್ನು ಇಂದು ಅಂಟಿಸಿದೆ. ಪಕ್ಕದಲ್ಲಿ ಪೆನ್ಸಿಲು ಕಟ್ಟಿದೆ. ಮುಂದಿನ ಭಾನುವಾರ ಬರುವಾಗ ಮಕ್ಕಳನ್ನೂ ಕರೆತನ್ನಿ.